ಸಂಪಿಗೆ ಮೂಗಿನವಳು

ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದೇ ಆಯಸ್ಸು ಸವೆಸಿದ ಮುದುಕಿಯನ್ನು ದರ್ಜಿ ಅಂಗಡಿಯಲ್ಲಿ ಎಲ್ಲರೂ ಕಾಜಾ ಅಜ್ಜಿ ಎಂದೇ ಕರೆಯುತ್ತಿದ್ದರು. ಅವತ್ತು ಅವಳು ಸೂಜಿ ಮುಟ್ಟಲಿಲ್ಲ. ಎದುರಿನ ಸ್ಟೂಲಿನ ಮೇಲೆ ಚಿತ್ರ ಬರೆಯುವ ಹುಡುಗಿಯೊಬ್ಬಳು ಕಾಗದ, ಪೆನ್ಸಿಲ್ ಹಿಡಿದು ಕೂತಿದ್ದಳು.

ಚಿತ್ರಗಳಲ್ಲೇ ಹೇಳುವ ಕಾದಂಬರಿಯೊಂದನ್ನು ಅವಳು ಬರೆಯುತ್ತಿದ್ದಳು. ಮನೆಮನೆಯಲ್ಲೂ ತೊಟ್ಟಿಲು ತೂಗುತ್ತಾ ಹಾಡುವ ಹಾಡಿನ ಕಥೆ ಅದು: 'ಹುಣ್ಣಿಮೆ ಮೊಗದವಳೇ, ಸಂಪಿಗೆ ಮೂಗಿನವಳೇ, ಹೊಳೆ ಕರೆದರೆ ಹೋಗೇಬಿಟ್ಟೆಯಾ?' ಹೊಳೆ ಯಾರನ್ನೂ ಕರೆದಿರಲಿಲ್ಲ. ಹಾಡಿನ ಹೆಣ್ಣು ಅಜ್ಜಿಯ ಒಡಹುಟ್ಟಿದ ಅಕ್ಕ. ಅವಳನ್ನು ದೋಣಿಯಿಂದ ನೂಕಿದವನು ಕಟ್ಟಿಕೊಂಡ ಗಂಡ. ದಡದಲ್ಲಿದ್ದ ತಂಗಿ ಕಣ್ಣಾರೆ ಕಂಡಳು. ಚಿಕ್ಕ ಹುಡುಗಿಯ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅವನು ನಾಲ್ಕು ಹನಿ ಕಣ್ಣೀರು ಸುರಿಸಿ ಇನ್ನೊಂದು ಮದುವೆಯಾದ. ಜನ ಹಾಡು ಕಟ್ಟಿ ಕೈ ತೊಳೆದುಕೊಂಡರು. ಹಾಡು ಕಟ್ಟುವುದರಲ್ಲಿ ಜನ ಸದಾ ಮುಂದು. ಸಾಕ್ಷಿ ಹೇಳು ಅಂದರೆ ಮಾತ್ರ ಗಂಟಲು ಕಟ್ಟುತ್ತದೆ.

ಪುಸ್ತಕದಲ್ಲಿ ಅಕ್ಕನಿಗೆ ಮುಖವಿರಲಿಲ್ಲ. ಎಲ್ಲ ಪುಟಗಳಲ್ಲೂ ಬೆನ್ನು, ಜಡೆ ಅಷ್ಟೇ. ಅವಳದೊಂದು ಫೋಟೋ ಕೂಡ ಎಲ್ಲೂ ಸಿಕ್ಕಿರಲಿಲ್ಲ.

"ಅವಳನ್ನ ಕಂಡವಳು ಅಂತ ಉಳಿದಿರೋದು ನಾನೊಬ್ಬಳೇ. ಹೇಳ್ತೀನಿ, ಬರಿ," ಅಂದಳು ಅಜ್ಜಿ.

"ಮುಖ ಹೇಗಿತ್ತಜ್ಜಿ?"

"ದುಂಡಗೆ. ಹುಣ್ಣಿಮೆ ಥರ."

"ಮೂಗು?"

"ಸಂಪಿಗೆ..." ಅಜ್ಜಿ ತಡೆದಳು. "ಅಯ್ಯೋ, ಅದು ಹಾಡಿಂದು. ತಡಿ."

ಕಣ್ಣು ಮುಚ್ಚಿದಳು. ಅಕ್ಕ ತಲೆ ಬಾಚಿದ್ದು ನೆನಪಾಯಿತು. ಆದರೆ ತಲೆ ಬಾಚುವವಳು ಹಿಂದೆಯೇ ಕೂತಿರುತ್ತಾಳಲ್ಲ. ಬೈದದ್ದು ನೆನಪಾಯಿತು, ಬೈದ ಬಾಯಿ ಮಾತ್ರ ಹೊಳೆಯಲಿಲ್ಲ. ಹುಡುಗಿ ಉದ್ದ ಮೂಗು ಬರೆದಳು, ಅಳಿಸಿ ಮೊಂಡು ಮೂಗು ಬರೆದಳು. ಎರಡಕ್ಕೂ ಅಜ್ಜಿ "ಇರಬಹುದು" ಅಂದಳು. ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಅದೇ ಹಾಡು ಹಾಡಿ ಮಲಗಿಸಿದವಳು ಅವಳು. ಹಾಡು ಅಕ್ಕನ ಮುಖವನ್ನು ಯಾವಾಗ ನುಂಗಿ ನೀರು ಕುಡಿಯಿತೋ ಅವಳಿಗೆ ಗೊತ್ತೇ ಆಗಿರಲಿಲ್ಲ. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಪುಸ್ತಕ ನಾಳೆ ಅಚ್ಚಿಗೆ ಹೋಗ್ಬೇಕು ಅಜ್ಜಿ," ಅಂದಳು ಹುಡುಗಿ ಮೆಲ್ಲಗೆ. "ಹೋಗ್ಲಿ, ಇವನನ್ನಾದ್ರೂ ನೋಡಿ. ಅಂದಾಜಲ್ಲಿ ಬರೆದಿದ್ದೀನಿ."

ಅಕ್ಕನ ಗಂಡನ ಚಿತ್ರ ನೋಡಿದ್ದೇ ತಡ, ಅಜ್ಜಿ ತಲೆಯಾಡಿಸಿದಳು. "ಛೇ, ಇವನಲ್ಲ. ಹುಬ್ಬೆರಡೂ ಕೂಡಿದ್ವು. ಎಡಗಿವಿ ತುದಿ ಹರಿದಿತ್ತು. ಮೇಲಿನ ಹಲ್ಲೊಂದು ಪಕ್ಕದ್ದರ ಮೇಲೆ ಹತ್ತಿತ್ತು, ನಗೋವಾಗ ತುಟಿ ಅದಕ್ಕೆ ಸಿಕ್ಕೊಳ್ತಿತ್ತು. ಗಲ್ಲದ ಕೆಳಗೆ ಮಚ್ಚೆ. ಅಲ್ಲಲ್ಲ, ಇನ್ನೂ ಸ್ವಲ್ಪ ಬಲಕ್ಕೆ."

ಪೆನ್ಸಿಲ್ ಸರಸರ ಓಡಿತು. ಈಗತಾನೇ ದೋಣಿ ಇಳಿದು ಬಂದವನ ಹಾಗೆ ಅವನು ಕಾಗದದ ಮೇಲೆ ಬಂದು ಕೂತ.

"ಇವನೇ," ಅಂದಳು ಅಜ್ಜಿ. ಅಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. "ಅಳಿಸು ಮಗಳೇ. ಇವನು ಜಾಗ ಬಿಟ್ರೆ ಅವಳು ಬರ್ತಾಳೇನೋ, ನೋಡೋಣ."

ಹುಡುಗಿ ರಬ್ಬರು ತೆಗೆದುಕೊಂಡು ಕಾಗದ ಪೂರ್ತಿ ಬೆಳ್ಳಗಾಗುವವರೆಗೂ ಉಜ್ಜಿದಳು. ಅಜ್ಜಿ ಆ ಖಾಲಿ ಹಾಳೆಯನ್ನು ಕಣ್ಣೆವೆ ಮಿಟುಕಿಸದೆ ನೋಡಿದಳು. ಅಲ್ಲೂ ಅವಳಿಗೆ ಅವನೇ ಕಂಡ.