ಹಾಕಾಶ

ನೇತ್ರಾವತಿಯ ಬಾಯಲ್ಲಿ ‘ಹ’ ಎಂಬ ಅಕ್ಷರಕ್ಕೆ ಹುಟ್ಟಿನಿಂದಲೂ ಜಾಗವಿರಲಿಲ್ಲ. ಅದೇನೂ ಅವಳ ತಪ್ಪಲ್ಲ. ಹಾಗಲವಾಡಿಯ ಅವಳ ಮನೆಯಲ್ಲಿ ಹಾಲು ಅಂದರೆ ಆಲು, ಹುಡುಗಿ ಅಂದರೆ ಉಡ್ಗಿ. ಅನ್ನಕ್ಕೆ ಬೇಯಿಸುವುದೂ ಅಕ್ಕಿ, ಅಂಗಳದಲ್ಲಿ ಹರಡಿದಾಗ ಅದನ್ನು ತಿನ್ನಲು ಹಾರಿ ಬರುವುದೂ ಅಕ್ಕಿ. ಇದರಿಂದ ಆ ಮನೆಯಲ್ಲಿ ಯಾರೂ ಯಾವತ್ತೂ ಉಪವಾಸ ಮಲಗಿರಲಿಲ್ಲ.

ಕಷ್ಟ ಶುರುವಾದದ್ದು ಅವಳು ಟೀಚರಾಗಲು ಹೊರಟ ಮೇಲೆ. ತುಮಕೂರಿನಲ್ಲಿ ಡಿ.ಎಡ್.ಗೆ ಸೇರಿ, ಬಟವಾಡಿಯ ಬಾಡಿಗೆ ರೂಮಿನಲ್ಲಿ ಸಹಪಾಠಿ ಪ್ರಿಯಾಂಕಳ ಜೊತೆ ಇದ್ದಳು. ಪ್ರಿಯಾಂಕಳ ಮಾತು ಪುಸ್ತಕದ್ದು, ಮನಸ್ಸು ಒಳ್ಳೆಯದು, ಸಲಹೆ ಮಾತ್ರ ಅಪಾಯದ್ದು. ಕೊನೆಯ ಪಾಠಾಭ್ಯಾಸ ಹತ್ತಿರ ಬಂದಾಗ ಅವಳು ಗೆಳತಿಗೆ ಸುಲಭದ ದಾರಿಯೊಂದನ್ನು ತೋರಿಸಿದಳು. ಡೌಟು ಬಂದಲ್ಲೆಲ್ಲ ಒಂದು ಹ ಸೇರಿಸಿಬಿಡು ಅಂದಳು.

ಕೊನೆಯ ಪಾಠಾಭ್ಯಾಸವೆಂದರೆ ಹುಡುಗಾಟವಲ್ಲ. ಶಾಲೆಯೊಂದಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಪಾಠ ಮಾಡಬೇಕು, ಕಾಲೇಜಿನ ಲೆಕ್ಚರರ್ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಇನ್ನೊಂದೇ ಅವಕಾಶ. ಅದೂ ಕೈಕೊಟ್ಟರೆ ಒಂದು ವರ್ಷ ಹೋಯಿತು. ಮನೆಯಲ್ಲಿ ಮದುವೆಯ ಮಾತನ್ನು ಕೋರ್ಸು ಮುಗಿಯುವ ತನಕ ಅಂತ ತಡೆದಿಟ್ಟಿದ್ದರು. ವರ್ಷ ಹೋದರೆ ಓದೇ ಹೋದಂತೆ ಎಂಬುದು ನೇತ್ರಾವತಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಕೊಟ್ಟಿಗೆಯ ಗೋಡೆಗೇ ಬೆತ್ತ ಹಿಡಿದು ಪಾಠ ಮಾಡಿದವಳು ಅವಳು. ಟೀಚರಾಗುವುದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ.

ನೋಡಲು ಬಂದವರು ಪ್ರೇಮಲತಾ ಮೇಡಂ. ಕುಣಿಗಲ್ ಕಡೆಯವರಂತೆ, ಆದರೆ ಮಾತಿನಲ್ಲಿ ಊರಿನ ಸುಳಿವೇ ಸಿಗುತ್ತಿರಲಿಲ್ಲ. ಇಸ್ತ್ರಿ ಮಾಡಿದ ಸೀರೆಯಂಥ ಕನ್ನಡ, ಒಂದು ಸುಕ್ಕಿಲ್ಲ. ಶಾಲೆ ಗುಬ್ಬಿಯದು, ತರಗತಿ ಮೂರನೆಯದು, ಪಾಠ ಹಕ್ಕಿಗಳದು. ಗುಬ್ಬಿಯಲ್ಲಿ ಹಕ್ಕಿಯ ಪಾಠ ಅಂದರೆ ಶಕುನವೇನೋ ಚೆನ್ನಾಗಿಯೇ ಇತ್ತು. ನೇತ್ರಾವತಿ ‘ಹಕ್ಕಿ’ಯನ್ನು ಸರಿಯಾಗಿ ಹೇಳಿದಳು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಬಾಯಿ ಮುಂದಕ್ಕೆ ಓಡಿತು.

“ಹಕ್ಕಿ ಹಾಕಾಶದಲ್ಲಿ ಹಾರುತ್ತದೆ. ಎಲ್ಲರೂ ಹೇಳಿ.”

ಮಕ್ಕಳು ನಕ್ಕುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಟೀಚರ್ ಹೇಳಿದ್ದೇ ವೇದವಾಕ್ಯ ಅನ್ನುವ ವಯಸ್ಸು. ಇಡೀ ತರಗತಿ ಸೂರು ಕಿತ್ತುಹೋಗುವ ಹಾಗೆ ಕೂಗಿತು, ಹಕ್ಕಿ ಹಾಕಾಶದಲ್ಲಿ ಹಾರುತ್ತದೆ. ಆಮೇಲೆ ನೋಟ್‌ಬುಕ್ ತೆಗೆದು ದುಂಡಗೆ ಹಾಗೆಯೇ ಬರೆದುಕೊಂಡಿತು. ಅದರ ಹಿಂದೆಯೇ ಹಾನೆ ಬಂತು, ಮರದ ಮೇಲೆ ಹೆಲೆ ಬಂತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ನೇತ್ರಾವತಿ ಅವನ ವಂಶವನ್ನೇ ಮಾಡಿಟ್ಟಿದ್ದಳು.

ಮೇಡಂ ಗದರಲಿಲ್ಲ. ಪಾಠ ಮುಗಿದ ಮೇಲೆ ವರಾಂಡಕ್ಕೆ ಕರೆದರು.

“ತಪ್ಪು ನಿನ್ನೊಬ್ಬಳ ಬಾಯಲ್ಲಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈಗ ಅದು ಇಡೀ ತರಗತಿಯ ಬಾಯಿಗೆ ಹೋಗಿದೆ. ಇದೇ ಮಕ್ಕಳಿಗೆ ಇದೇ ಪಾಠವನ್ನು ಮತ್ತೆ ಮಾಡು.”

ನೇತ್ರಾವತಿ ಅವತ್ತು ತುಮಕೂರಿಗೆ ಮರಳಲಿಲ್ಲ. ಗುಬ್ಬಿಯಿಂದ ಊರಿನ ಬಸ್ಸು ಹತ್ತಿ, ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಫೇಲಾದದ್ದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ಆ ಮಕ್ಕಳ ನಂಬಿಕೆ. ಅವರ ಮನೆಗಳಲ್ಲಿ ಯಾರಾದರೂ ನೋಟ್‌ಬುಕ್ ನೋಡಿದರೆ ಏನಂದುಕೊಂಡಾರು ಎಂಬ ಯೋಚನೆ ನಿಟ್ಟೂರು ದಾಟಿದರೂ ಬಿಡಲಿಲ್ಲ.

ಮನೆಯಲ್ಲಿ ಅವಳ ಅವ್ವ ಚಿಕ್ಕಗಂಗಮ್ಮ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಮಗಳ ಕಥೆಯನ್ನು ಪೂರ್ತಿ ಕೇಳಿಯೂ ಅವಳಿಗೆ ಅರ್ಧವೇ ಅರ್ಥವಾದದ್ದು. ಆಕಾಸದಂಥ ಆಕಾಸವನ್ನು ಯಾರಾದರೂ ಯಾಕೆ ಕೆಡಿಸುತ್ತಾರೆ?

“ಮನೇಲಿ ಒಂದಿನಾನೂ ಅಂಗಂದಿಲ್ವಲ್ಲೇ ನೀನು. ಅಲ್ಲೋಗಿ ಯಾಕಂದೆ?”

ನಿಜ, ನೇತ್ರಾವತಿಯಷ್ಟೇ ಅಲ್ಲ, ಊರಿನಲ್ಲಿ ಯಾರೂ ಹಾಕಾಶ ಅಂದವರಿಲ್ಲ. ರಾತ್ರಿಯ ಊಟದ ಹೊತ್ತಿಗೆ ಅವಳಿಗೆ ತಾನು ಮಾಡಿದ್ದು ಕಂಡಿತು. ಎಲ್ಲಿಯವಳೆಂದು ಮೇಡಂಗೆ ಗೊತ್ತಾಗಬಾರದು ಅಂತ ಹೆದರಿ, ಸಾರಿಗೆ ರುಚಿ ನೋಡದೆ ಉಪ್ಪು ಸುರಿದ ಹಾಗೆ ಸಿಕ್ಕಲ್ಲೆಲ್ಲ ಹ ಸುರಿದಿದ್ದಳು. ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದನ್ನು ಒಂದೊಂದೇ ಪದ ಹಿಡಿದು ಕಲಿಯಬೇಕಿತ್ತು. ಅದಕ್ಕೆ ಅಡ್ಡದಾರಿ ಇರಲಿಲ್ಲ.

ಬಟವಾಡಿಗೆ ಮರಳಿದ ಮೇಲೆ ಮೂರನೇ ತರಗತಿಯ ಪುಸ್ತಕ ಹಿಡಿದು ಕೂತಳು. ತುಟಿಯ ಮುಂದೆ ನ್ಯೂಸ್‌ಪೇಪರಿನ ತೆಳ್ಳನೆಯ ಚೂರೊಂದನ್ನು ಇಳಿಬಿಟ್ಟುಕೊಂಡು ಪದ ಹೇಳುವುದು. ಮೊದಲ ಅಕ್ಷರ ಹ ಆದರೆ ಉಸಿರಿಗೆ ಚೂರು ಏಳುತ್ತದೆ, ‘ಆ’ ಆದರೆ ಸುಮ್ಮನಿರುತ್ತದೆ. ನನ್ನಿಂದಲೇ ನೀನು ಕೆಟ್ಟೆ ಕಣೇ ಅಂತ ಪೇಚಾಡುತ್ತಾ ಪ್ರಿಯಾಂಕ ಎದುರಿಗೆ ಕೂತು ಪದ ಕೊಡುತ್ತಿದ್ದಳು. ಈ ಸಲ ಸಲಹೆ ಕೊಡಲಿಲ್ಲ.

ಎರಡನೆಯ ಪಾಠದ ದಿನ ನೇತ್ರಾವತಿ ಚಾರ್ಟು ಬಿಚ್ಚಲೇ ಇಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ ‘ಹಾಕಾಶ’ ಎಂದು ಬರೆದಳು. ಹಿಂದಿನ ಬೆಂಚಿನಲ್ಲಿ ಪ್ರೇಮಲತಾ ಮೇಡಂ ಕನ್ನಡಕ ಸರಿ ಮಾಡಿಕೊಂಡರು. ಮಕ್ಕಳು ಖುಷಿಯಿಂದ ಒಟ್ಟಿಗೆ ಓದಿದರು. ಇದು ತಾನು ತಪ್ಪಾಗಿ ಹೇಳಿಕೊಟ್ಟ ಪದ, ಇವತ್ತು ಎಲ್ಲರೂ ಸೇರಿ ಸರಿಮಾಡೋಣ ಎಂದು ಹೇಳಿ, ಎಲ್ಲರ ಕೈಗೂ ಪೇಪರಿನ ಚೂರು ಕೊಟ್ಟಳು. ಹಕ್ಕಿಗೆ ಚೂರುಗಳೆಲ್ಲ ಎದ್ದವು. ಆಕಾಶಕ್ಕೆ ಸುಮ್ಮನಿದ್ದವು. ಪಾಠವೋ ಆಟವೋ ತಿಳಿಯದ ಮಕ್ಕಳು ತಾವಾಗಿಯೇ ರಬ್ಬರು ಹಿಡಿದು ನೋಟ್‌ಬುಕ್ ತಿದ್ದತೊಡಗಿದರು.

ಆಗ ವಾಣಿಶ್ರೀ ಎಂಬ ಪುಟ್ಟ ಹುಡುಗಿ ಎದ್ದು ನಿಂತಳು.

“ಮಿಸ್, ನಮ್ಮವ್ವ ಅಕ್ಕಿ ಆರೋಯ್ತು ಅಂತದೆ. ನಮ್ಮವ್ವಂದು ತಪ್ಪಾ?”

ಮೇಡಂ ಬರೆಯುವುದನ್ನು ನಿಲ್ಲಿಸಿದರು. ತಪ್ಪು ಅಂದರೆ ಪಾಠ ಸರಿಹೋಗುತ್ತಿತ್ತು, ಮೇಡಂಗೂ ಮೆಚ್ಚುಗೆಯಾಗುತ್ತಿತ್ತೇನೋ. ನೇತ್ರಾವತಿಯ ಕಣ್ಣ ಮುಂದೆ ಮೊರ ಹಿಡಿದ ಅವ್ವ ಬಂದಳು.

“ನಮ್ಮವ್ವನೂ ಅಕ್ಕಿ ಅಂತಾಳೆ ಪುಟ್ಟಾ. ಮನೇಲಿ ನಾನೂ ಹಂಗೇ ಅಂತೀನಿ. ಅದು ತಪ್ಪಲ್ಲ, ಅದು ಮನೆ ಮಾತು. ಪುಸ್ತಕದಲ್ಲಿ ಬರಿಯುವಾಗ ಹಕ್ಕಿ. ಅವ್ವನ್ನ ತಿದ್ದೋಕೆ ಹೋಗ್ಬೇಡ.”

ವಾಣಿಶ್ರೀ ಸಮಾಧಾನವಾಗಿ ಕೂತಳು. ಮೇಡಂ ಗಂಟೆ ಹೊಡೆಯುವ ಮೊದಲೇ ಎದ್ದು ಹೊರಗೆ ಹೋದರು. ಮುಗಿಯಿತು ತನ್ನ ಕಥೆ ಅಂದುಕೊಂಡಳು ನೇತ್ರಾವತಿ. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಪಾಠ ಮುಗಿಸಿ, ಬೋರ್ಡು ಒರೆಸಿ, ಚಾರ್ಟನ್ನು ಕಂಕುಳಲ್ಲಿ ಇರುಕಿಕೊಂಡು ವರಾಂಡಕ್ಕೆ ಬಂದಳು.

ಮೇಡಂ ಕಂಬದ ಆಚೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

“ಅವ್ವಾ, ನಾನು ಕಣವ್ವ. ಆಲು ಕುಡುದ್ಯಾ? ಏನಿಲ್ಲ, ಸುಮ್ನೆ ಮಾಡ್ದೆ. ಇವತ್ತು ನಮ್ ಉಡ್ಗಿ ಒಬ್ಳು ಪಾಸಾದ್ಲು ಕಣವ್ವ.”

ನೇತ್ರಾವತಿ ಕಂಬದ ಈಚೆಯೇ ನಿಂತುಬಿಟ್ಟಳು. ಪಾಸಾದ ಸುದ್ದಿ ತಲೆಗೆ ಹತ್ತಿದ್ದು ಆಮೇಲೆ. ಅವಳಿಗೆ ಮೊದಲು ಕೇಳಿಸಿದ್ದು ಆ ‘ಉಡ್ಗಿ’.