ಕಡಲು ಕಾಣುವ ಕೋಣೆ

ಮದುವೆಗೆ ಮುಂಚೆ ತಾನು ಕೋಣೆ ಗುಡಿಸುತ್ತಿದ್ದ ಹೋಟೆಲಿಗೇ ಅವಳು ಗಂಡನ ಜೊತೆ ಪ್ರವಾಸ ಬಂದಿದ್ದಳು. ಕಡಲು ಕಾಣುವ ಈ ಕೋಣೆಯಲ್ಲಿ ಒಮ್ಮೆಯಾದರೂ ಅತಿಥಿಯಾಗಿ ಕಾಲು ಚಾಚಬೇಕೆಂಬುದು ಆಗಿನ ಆಸೆ.

ಬೆಳಿಗ್ಗೆ ಗಂಡ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಹಾಸಿಗೆ ಸರಿಮಾಡಿ, ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಚಿ ಸಿಕ್ಕಿಸಿಬಿಟ್ಟಿದ್ದಳು.

“ಮೆರೆಯೋಕೆ ಬಂದು ಚಾಕರಿ ಮಾಡ್ತೀಯಲ್ಲೇ!” ಎಂದು ನಕ್ಕು ಅವನು ತಿಂಡಿಗೆ ಇಳಿದ.

ಗುಡಿಸಲು ಬಂದ ಕೆಲಸದವಳು ಆ ಮೂಲೆ ನೋಡಿದವಳೇ, “ಅಕ್ಕಾ, ನೀವು ನಮ್ಮೋರಾ?” ಎಂದಳು.

“ಹೂಂ. ಈಗ್ಲೂ ಬಾಗಿಲು ಹಾಕ್ಕೊಂಡು ಕದ್ದು ಕೂರ್ತೀರಾ?”

“ಕೂರದೆ? ಸೂಪರ್‌ವೈಸರ್ ಮೆಟ್ಟಿಲು ಹತ್ತೋ ತನಕ.”

ಬಾಗಿಲು ಹಾಕಿ ಇಬ್ಬರೂ ಮಂಚದ ಅಂಚಿನಲ್ಲಿ ಕೂತು ಕಡಲು ನೋಡಿದರು. ಹೊರಗೆ ಹೆಜ್ಜೆ ಸಪ್ಪಳವಾಯಿತು. ದುಡ್ಡು ಕೊಟ್ಟು ಉಳಿದುಕೊಂಡಿದ್ದವಳೇ ಮೊದಲು ದಿಗ್ಗನೆದ್ದು ಹಾಸಿಗೆಯ ಸುಕ್ಕು ನೀವಿದಳು.