ಐದು ಸೌಟು ಸೋಡಾ

ನನಗೆ ಮೂಗಿನ ತುದಿಯಲ್ಲೇ ಕೋಪ. "ಇವಳನ್ನ ಮೀನಿನ ಮನೆಗೆ ಬಿಡಬೇಡ್ರಪ್ಪ, ಬೈಗುಳ ಕೇಳಿ ಮೊಟ್ಟೆ ಇಡೋದನ್ನೇ ಬಿಟ್ಟಾವು" ಎಂದು ಅಪ್ಪ ನಗುತ್ತಿದ್ದ. ಹಾಗಂದವನೇ ಕೊನೆಗೆ ಮೀನಿನ ಮನೆಯ ಬೀಗದ ಕೈಯನ್ನು ನನಗೇ ಕೊಟ್ಟು ಹೋದ. ಒಂದು ದೊಡ್ಡ ತೊಟ್ಟಿ, ಅದರಲ್ಲಿ ನಲವತ್ತು ತಾಯಿ ಮೀನು. ಹತ್ತೊಂಬತ್ತು ವರ್ಷ ಆರಿಸಿ ಆರಿಸಿ ಅಪ್ಪ ಉಳಿಸಿದ ತಳಿ, ಬೇರೆಲ್ಲೂ ಇಲ್ಲ. ಹೊಟ್ಟೆ ಉಬ್ಬಿಸಿಕೊಂಡು ಓಡಾಡುತ್ತಿದ್ದವು. ಇನ್ನು ಹತ್ತು ದಿನಕ್ಕೆ ಮೊಟ್ಟೆ ಇಡಬೇಕಿತ್ತು.

ತೊಟ್ಟಿಯ ಪಕ್ಕದಲ್ಲಿ ಒಂದು ಡ್ರಮ್ಮು, ಅದರ ತುಂಬ ಪ್ಲಾಸ್ಟಿಕ್ ಬಳೆಗಳು. ತೊಟ್ಟಿಯ ನೀರು ಅದರೊಳಗೆ ಹಾದು ಮತ್ತೆ ತೊಟ್ಟಿಗೇ ಬರುತ್ತದೆ. ಬಳೆಗಳ ಮೇಲೆ ತೆಳ್ಳಗೆ ಕಂದು ಪಾಚಿಯಂಥ ಒಂದು ಪೊರೆ. ಮೀನಿನ ಜೀವ ಇರುವುದು ಆ ಪೊರೆಯ ಸೂಕ್ಷ್ಮಜೀವಿಗಳಲ್ಲಿ. ಮೀನು ಹೊರಹಾಕುವ ಅಮೋನಿಯಾ ಎಂಬ ವಿಷವನ್ನು ಅವು ಸುಟ್ಟು ಶಕ್ತಿ ಮಾಡಿಕೊಳ್ಳುತ್ತವೆ. ಆದರೆ ಮೈ ಕಟ್ಟಿಕೊಳ್ಳಲು ಇಂಗಾಲ ಬೇಕಲ್ಲ, ಅದನ್ನು ಅನ್ನ ಸಕ್ಕರೆಯಿಂದ ತೆಗೆದುಕೊಳ್ಳುವುದಿಲ್ಲ. ನೀರಲ್ಲಿ ಕರಗಿದ ಗಾಳಿಯಿಂದ, ಅಡುಗೆ ಸೋಡಾ ಪುಡಿಯಿಂದ ತೆಗೆದುಕೊಳ್ಳುತ್ತವೆ. ಒಂದೆರಡು ಜಾತಿ ಸಿಹಿಯ ರುಚಿಯನ್ನೂ ನೋಡುತ್ತವಂತೆ, ಆದರೆ ಅದು ಬಾಯಿಚಪಲ, ಊಟವಲ್ಲ. ಅದಕ್ಕೇ ದಿನವೂ ಬೆಳಗ್ಗೆ ಒಂದು ಸೌಟು ಸೋಡಾ. ಸೋಡಾ ತಪ್ಪಿದರೆ ನೀರು ಹುಳಿಯಾಗುತ್ತದೆ, ಅವು ಕೆಲಸ ನಿಲ್ಲಿಸುತ್ತವೆ.

ಅಪ್ಪ ಇನ್ನೊಂದು ಮಾತೂ ಹೇಳಿದ್ದ. "ನೋಡು ಮಗಳೇ, ಹುಳಿ ನೀರಲ್ಲಿ ಅಮೋನಿಯಾ ಮಲಗಿರುತ್ತೆ, ಕಚ್ಚಲ್ಲ. ಅದ್ರ ಮೇಲೆ ಸೋಡಾ ಸುರಿದ್ಯೋ, ಎದ್ದು ಕೂರುತ್ತೆ. ಮೊದಲು ನೀರು ಬದಲಿಸು, ಆಮೇಲೆ ಚಿಟಿಕೆ ಚಿಟಿಕೆ ಹಾಕು."

ಅದೇ ಹೊತ್ತಿಗೆ ನನ್ನ ಮಗಳ ಹೆರಿಗೆಗೆಂದು ಎಂಟು ದಿನ ಹೋಗಬೇಕಾಯಿತು. ತಮ್ಮನಿಗೆ ಸೌಟು ಕೊಟ್ಟು, "ದಿನಾ ಒಂದು ಹಾಕು" ಅಂದೆ. "ಯಾಕಕ್ಕ?" ಅಂದ. "ಹೇಳಿದಷ್ಟು ಮಾಡು, ತಲೆ ತಿನ್ಬೇಡ" ಅಂದು ಬಸ್ಸು ಹತ್ತಿದೆ. ಎರಡು ಮಾತು ಬಿಡಿಸಿ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಒಂಬತ್ತನೆಯ ದಿನ ಬೆಳಗ್ಗೆ ಬಾಗಿಲು ತೆಗೆದೊಡನೆ ಹಳಸಿದ ವಾಸನೆ ಮೂಗಿಗೆ ಬಡಿಯಿತು. ಡ್ರಮ್ಮಿನ ಮುಚ್ಚಳ ಎತ್ತಿದೆ. ಕಂದು ಪೊರೆ ಕಾಣಲೇ ಇಲ್ಲ. ಬಳೆಗಳ ಮೇಲೆಲ್ಲ ಸಿಂಬಳದಂಥ ಬಿಳಿ ಲೋಳೆ, ಬೆರಳು ದಪ್ಪ.

"ಏನು ಹಾಕಿದ್ಯೋ ಇದಕ್ಕೆ?"

"ಸಕ್ಕರೆ ನೀರು ಕಣಕ್ಕ" ಅಂದ, ಹೆಮ್ಮೆಯಿಂದ. "ಪಾಪ, ಜೀವ ಇರೋವು ಬರೀ ಸೋಡಾ ತಿಂದು ಹೇಗೆ ಬದುಕ್ತವೆ? ಸೋಡಾ ನಿಲ್ಸಿ ಇದನ್ನ ಕೊಟ್ಟೆ. ಮೊದಲೆರಡು ದಿನ ಅಮೋನಿಯಾ ಎಷ್ಟು ಇಳೀತು ಗೊತ್ತಾ!"

ಇಳಿಯದೆ ಏನು? ಸಕ್ಕರೆ ತಿನ್ನುವ ಜೀವಿಗಳು ಬೇರೆ. ಕರೆಯದೆ ಬಂದ ನೆಂಟರು, ಅರ್ಧ ಗಂಟೆಗೆ ಎರಡರಷ್ಟಾಗುವವು. ಬೆಳೆಯುವ ಭರದಲ್ಲಿ ಒಂದಿಷ್ಟು ಅಮೋನಿಯಾವನ್ನೂ ನುಂಗಿದ್ದವು, ಆಮೇಲೆ ಉಸಿರುಗಾಳಿಯನ್ನೆಲ್ಲ ತಾವೇ ಎಳೆದುಕೊಂಡು ನಮ್ಮವನ್ನು ಲೋಳೆಯಡಿ ಹೂತುಬಿಟ್ಟಿದ್ದವು. ನಮ್ಮವು ಎರಡರಷ್ಟಾಗಲು ಒಂದು ದಿನ ಸಾಲದು.

ನೀರು ಪರೀಕ್ಷೆ ಮಾಡಿದೆ. ಹುಳಿ ನೋಡುವ ಕಾಗದ ಹಳದಿಗೆ ತಿರುಗಿತು, ನೀರು ಹುಳಿಯಾಗಿತ್ತು. ಅಮೋನಿಯಾ ನೋಡುವ ಗಾಜಿನ ಕೊಳವೆ ಕಡುಹಸಿರಾಯಿತು, ಹಸಿರು ಗಾಢವಾದಷ್ಟೂ ಅಮೋನಿಯಾ ಹೆಚ್ಚು. ಅಷ್ಟು ಹಸಿರು ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಆದ್ರೆ ಮೀನು ಆರಾಮಾಗೇ ಇವೆಯಲ್ಲಕ್ಕ" ಅಂದ ತಮ್ಮ. "ವಿಷ ಇದ್ದಿದ್ರೆ ಹೀಗಿರ್ತಿದ್ವಾ?"

ನಿಜಕ್ಕೂ ಆರಾಮಾಗಿದ್ದವು. ಎಲ್ಲಕ್ಕೂ ಹಿರಿಯಳು, ನಾವು ಅಜ್ಜಿ ಎಂದು ಕರೆಯುವವಳು, ತಳದಲ್ಲಿ ಮೆಲ್ಲಗೆ ರೆಕ್ಕೆ ಆಡಿಸುತ್ತಿದ್ದಳು. ಅವನ ಮಾತಿನಲ್ಲಿದ್ದ ಸತ್ಯ ನನ್ನ ಕಿವಿಗೆ ಬೀಳಲಿಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ.

"ಬಾಯಿ ಮುಚ್ಚೋ ದಡ್ಡ ಶಿಖಾಮಣಿ! ಎಂಟು ದಿನ ಅವನ್ನ ಉಪವಾಸ ಕೆಡವಿದ್ದೀಯ" ಎಂದು ಅವನ ಕೈಯಿಂದ ಸೌಟು ಕಿತ್ತುಕೊಂಡೆ. ಸೋಡಾ ಚೀಲದಿಂದ ಮೊಗೆದು ತೊಟ್ಟಿಗೆ ಸುರಿದೆ. ಒಂದು, ಎರಡು, ಮೂರು, ಪ್ರತಿ ಸೌಟಿಗೂ ಒಂದು ಬೈಗುಳ. ಐದು ಸೌಟು. ಮೇಲಿಂದ ಗಾಳಿಯ ಪಂಪನ್ನೂ ಪೂರ್ತಿ ತಿರುಗಿಸಿದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಬಳೆಗಳನ್ನು ತೊಳೆಯಲು ಕೂತೆ. ತಮ್ಮ ತೊಟ್ಟಿಯ ಅಂಚಿನಲ್ಲಿ ನಿಂತಿದ್ದ. ಮುಖ ಅರಳಿಸಿ ಕೂಗಿದ.

"ಅಕ್ಕ, ಇಲ್ನೋಡು! ಅಜ್ಜಿ ನಿನ್ನ ಗುರುತು ಹಿಡಿದು ಮೇಲಕ್ಕೆ ಬಂದ್ಲು!"

ತಿರುಗಿ ನೋಡಿದೆ. ಅಜ್ಜಿ ಬಾಯಿ ಕಳೆದು ಮುಚ್ಚುತ್ತಿದ್ದಳು. ಕಿವಿರು ಕೆಂಪಾಗಿತ್ತು. ಅವಳ ಹಿಂದೆ ಇನ್ನೊಂದು, ಇನ್ನೂ ನಾಲ್ಕು. ಆಗ ಅಪ್ಪನ ಎರಡನೆಯ ಮಾತು ನೆನಪಾಯಿತು, ಮಲಗಿದ್ದ ಅಮೋನಿಯಾವನ್ನು ನಾನೇ ಎಬ್ಬಿಸಿದ್ದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ?

ಹೊಸ ನೀರಿನ ನಲ್ಲಿಗೆ ಓಡಿದೆ. ಆ ತೊಟ್ಟಿಯ ನೀರು ಬದಲಾಗಲು ನಾಲ್ಕು ತಾಸು ಬೇಕು. ಮೀನುಗಳಿಗೆ ಸಾಯಲು ಒಂದೂವರೆ ತಾಸು ಸಾಕಾಯಿತು. ಕೊನೆಗೆ ಅಜ್ಜಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡೆ, ಅವಳ ಹೊಟ್ಟೆ ಇನ್ನೂ ಮೊಟ್ಟೆಯಿಂದ ಬಿಗಿಯಾಗಿತ್ತು. ಅಯ್ಯೋ ಅಪ್ಪ, ಎಂಥ ಕೈಗೆ ಕೊಟ್ಟು ಹೋದೆ!

ತಮ್ಮ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ನನ್ನ ಸಕ್ಕರೆಯಿಂದ್ಲೇ ಅಲ್ವಾ ಅಕ್ಕ?"

"ಹೂಂ" ಅಂದೆ.

ಅಂದಿನಿಂದ ಅವನು ಮೀನಿನ ಮನೆಯ ಹೊಸ್ತಿಲು ತುಳಿದಿಲ್ಲ. ಇವತ್ತಿಗೂ ಅವನಿಗೆ ನಾನು ನಿಜ ಹೇಳಿಲ್ಲ.